ಮಂಜುಗಡ್ಡೆಯ ಮೇಲೊಂದು ಒಲೆ

ಅಡಿಗೆಯ ವಿಷಯದಲ್ಲಿ ನಾನು ಸ್ವಲ್ಪ ಪಂಡಿತನೇ ಎನ್ನಬೇಕು. ಆದರೆ ಆ ಪಾಂಡಿತ್ಯವನ್ನೆಲ್ಲ ಒಲೆಯಿಂದ ಹತ್ತು ಮಾರು ದೂರದಲ್ಲಿ ಕುಳಿತು ಸಂಪಾದಿಸಿದ್ದು. 16ನೆಯ ಶತಮಾನದಲ್ಲೇ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಎಂಬ ಪಾಕಗ್ರಂಥವನ್ನು ಬರೆದ ಎಂದು ತರಗತಿಯಲ್ಲಿ ಹೇಳುವಾಗ ನನ್ನ ದನಿಯಲ್ಲಿ ಒಂದು ಹೆಮ್ಮೆ ಇಣುಕುತ್ತದೆ, ಅವನ ಪಕ್ಕದಲ್ಲಿ ನಿಂತು ಒಗ್ಗರಣೆಗೆ ಸಾಸುವೆ ಎತ್ತಿಕೊಟ್ಟವನು ನಾನೇ ಎಂಬಂತೆ. ಮನೆಗೆ ಬಂದರೆ ಸಾಸುವೆಯ ಡಬ್ಬಿ ಯಾವುದು, ಮೆಂತ್ಯದ ಡಬ್ಬಿ ಯಾವುದು ಎಂದು ಮುಚ್ಚಳ ತೆಗೆದು ನೋಡಿಯೇ ಹೇಳಬೇಕು. ಮೊದಲು ಅಮ್ಮ, ಆಮೇಲೆ ಹೆಂಡತಿ, ನಲವತ್ತೇಳು ವರ್ಷ ನನ್ನ ಮುಂದೆ ತಟ್ಟೆ ತಂದಿಟ್ಟರು. ಅದರ ಹಿಂದೆ ಯಾರ ಯಾವ ಲೆಕ್ಕಾಚಾರವಿತ್ತು ಎಂದು ಕೇಳುವ ಪ್ರಸಂಗವೇ ಬರಲಿಲ್ಲ. ಅದು ಬಂದದ್ದು 2025ರ ಜನವರಿಯಲ್ಲಿ, ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಹೆಪ್ಪುಗಟ್ಟಿದ ಒಂದು ಸರೋವರದ ಮೇಲೆ.

ನನ್ನ ತಮ್ಮ ಮಿನ್ನಿಯಾಪೊಲಿಸ್ ನಗರದಲ್ಲಿದ್ದಾನೆ. “ಬಾ, ಬಾ” ಎಂದು ವರ್ಷಗಟ್ಟಲೆ ಕರೆಯುತ್ತಿದ್ದ. ನಾನು ಹೋಗಿರಲಿಲ್ಲ. ಹೋಗದಿರುವುದಕ್ಕೆ ಪರೀಕ್ಷೆ, ಮೌಲ್ಯಮಾಪನ ಮೊದಲಾದ ಕಾರಣಗಳನ್ನು ಹೇಳುತ್ತಿದ್ದೆ. ನಿಜವಾದ ಕಾರಣವನ್ನು ಹೇಳುತ್ತಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ. ಕೊನೆಗೆ ಹೆಂಡತಿಯ ಒತ್ತಾಯಕ್ಕೆ ಮಣಿದು ಗಳಿಕೆ ರಜೆ ಹಾಕಿ, ಚಳಿಗಾಲದ ನಟ್ಟನಡುವೆ ಅಲ್ಲಿಗೆ ಹೋಗಿ ಇಳಿದೆ. ವಿವೇಕಿಗಳು ಆ ದೇಶಕ್ಕೆ ಬೇಸಗೆಯಲ್ಲಿ ಹೋಗುತ್ತಾರಂತೆ.

ಸಂಕ್ರಾಂತಿ ಮಂಗಳವಾರ ಕಳೆಯಿತು. ಬುಧವಾರ ತಮ್ಮ, “ಅಣ್ಣ, ಶನಿವಾರ ಮಿಲ್ ಲ್ಯಾಕ್ಸ್ ಸರೋವರಕ್ಕೆ ಹೋಗೋಣ. ಎರಡು ರಾತ್ರಿ ಇದ್ದು ಸೋಮವಾರ ಬರೋಣ” ಎಂದ.

“ದಡದಲ್ಲಿ ವಸತಿಗೃಹ ಇದೆಯೋ?”

“ದಡದಲ್ಲಿ ಅಲ್ಲ, ಸರೋವರದ ಮೇಲೆ.”

ವಾಚಕರು ನನ್ನ ಹಾಗೆಯೇ ಬೆಚ್ಚಬಾರದು ಎಂದು ಸ್ವಲ್ಪ ವಿವರಿಸುತ್ತೇನೆ. ಮಿನ್ನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 150 ಕಿಲೋಮೀಟರು ದೂರದಲ್ಲಿರುವ ಈ ಸರೋವರದ ವಿಸ್ತಾರ 500 ಚದರ ಕಿಲೋಮೀಟರಿಗೂ ಮಿಕ್ಕದ್ದು. ಅಷ್ಟು ಹರವಾದ ನೀರು ಚಳಿಗಾಲದಲ್ಲಿ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತ ಬರುತ್ತದೆ. ನಾಲ್ಕು ಅಂಗುಲ ದಪ್ಪವಾದರೆ ಮನುಷ್ಯ ನಡೆಯಬಹುದು. ಒಂದು ಅಡಿ ದಾಟಿದರೆ ಮೋಟಾರು ಗಾಡಿಯನ್ನೂ ಓಡಿಸುತ್ತಾರೆ. ಆದರೂ ಯಾವ ಮಂಜುಗಡ್ಡೆಯನ್ನೂ ಪೂರ್ತಿಯಾಗಿ ನಂಬಬೇಡಿ ಎಂದು ಅಲ್ಲಿನ ಸರಕಾರ ಎಚ್ಚರಿಸುತ್ತಲೇ ಇರುತ್ತದೆ. ಅತಿ ಭಾರವಾದ ನೀರು 4 ಡಿಗ್ರಿಯದಾದ್ದರಿಂದ ಅದು ತಳ ಸೇರುತ್ತದೆ. ಮಂಜುಗಡ್ಡೆ ಹಗುರವಾಗಿ ಮೇಲೆ ತೇಲುತ್ತದೆ. ನಡುವೆ ಮೀನು ಬದುಕಿರುತ್ತದೆ. ಈ ಮೀನಿಗಾಗಿ ಪ್ರತಿ ಚಳಿಗಾಲದಲ್ಲೂ ಸಾವಿರಾರು ಪುಟ್ಟ ಮನೆಗಳನ್ನು ಎಳೆದು ತಂದು ಸರೋವರದ ಮೇಲೆ ನಿಲ್ಲಿಸುತ್ತಾರೆ. ನೆಲದಲ್ಲಿ ತೂತು, ತೂತಿನ ಕೆಳಗೆ ಮಂಜುಗಡ್ಡೆಯಲ್ಲಿ ಕೊರೆದ ತೂತು, ಅದರಲ್ಲಿ ಗಾಳದ ದಾರ. ಪಕ್ಕದಲ್ಲೇ ಮಂಚ, ಮಂಚದ ಪಕ್ಕದಲ್ಲಿ ಒಲೆ. ಇದು ಮೀನುಮನೆ. ಮಾರ್ಚಿಯಲ್ಲಿ ಗೊತ್ತುಮಾಡಿದ ದಿನದೊಳಗೆ ಎಲ್ಲವನ್ನೂ ಎತ್ತಿಬಿಡಬೇಕು.

ಮೀನು ತಿನ್ನದ ನಾವು ಅಲ್ಲಿಗೆ ಹೋಗಿ ಮಾಡುವುದೇನು ಎಂದು ಕೇಳಿದೆ. “ಸುಮ್ಮನೆ ಕೂರುವುದಕ್ಕೆ ಈ ದೇಶದಲ್ಲಿ ಒಂದು ನೆಪ ಬೇಕು ಅಣ್ಣ. ಸಿಕ್ಕಿದ ಮೀನನ್ನು ನಾನು ನೀರಿಗೇ ಬಿಡುತ್ತೇನೆ” ಎಂದ.

ಗುರುವಾರ ರಾತ್ರಿ ಊಟದ ಯೋಜನೆಗೆ ಕುಳಿತೆವು. ಪಂಚವಾರ್ಷಿಕ ಯೋಜನೆಯನ್ನೂ ಇಷ್ಟು ಎಚ್ಚರದಿಂದ ಮಾಡಿರಲಾರರು. ಎರಡು ದಿನ, ಐದು ಊಟ ತಿಂಡಿ, ಇಬ್ಬರು ಮನುಷ್ಯರು, ಎರಡು ಉರಿಯ ಒಂದು ಒಲೆ. ಪಾತ್ರೆ ತೊಳೆಯುವ ಜಾಗವಿಲ್ಲ; ಆದ್ದರಿಂದ ಒಂದೇ ಪಾತ್ರೆಯಲ್ಲಿ ಆಗುವ ಅಡಿಗೆಯೇ ಆಗಬೇಕು. ಹೆಚ್ಚುವುದು, ಹುರಿಯುವುದು, ರುಬ್ಬುವುದು ಎಲ್ಲ ಮನೆಯಲ್ಲೇ ಮುಗಿಯಬೇಕು. ಬಹಳ ಹೊತ್ತು ಕುದಿಸುವಂತಿಲ್ಲ. ಕುದಿಸಿದರೆ ಹಬೆ ಗೋಡೆಗೆ ಹತ್ತಿ, ಹನಿಯಾಗಿ, ಕಿಟಕಿಯಲ್ಲಿ ಮಂಜುಗಡ್ಡೆಯಾಗುತ್ತದೆ. ಅದಕ್ಕೆ ಬೇಳೆಯನ್ನು ಬೇಯಿಸಿಯೇ ಒಯ್ಯಬೇಕು. ಎರಡನೆಯ ರಾತ್ರಿಯ ಬಿಸಿಬೇಳೆಭಾತನ್ನು ಮನೆಯಲ್ಲೇ ಮಾಡಿ, ಚೀಲಕ್ಕೆ ತುಂಬಿ ಹೆಪ್ಪುಗಟ್ಟಿಸಿ ಇಡಬೇಕು. ಅಲ್ಲಿ ಬಿಸಿನೀರಿಗೆ ಬಿಟ್ಟರೆ ಸಾಕು. ಕಸದ ಒಂದು ಚೂರನ್ನೂ ಮಂಜಿನ ಮೇಲೆ ಬಿಡುವುದು ಕಾನೂನಿಗೆ ವಿರುದ್ಧ. ಅದನ್ನು ಹೊತ್ತು ತರಲು ಚೀಲ ಬೇಕು.

ನನ್ನ ತರ್ಕವನ್ನೆಲ್ಲ ತಲೆಕೆಳಗು ಮಾಡಿದ್ದು ಶೀತಪೆಟ್ಟಿಗೆ. “ಅಷ್ಟು ಚಳಿಯಲ್ಲಿ ಅದೇಕೆ?” ಎಂದೆ. ತಮ್ಮನ ಹೆಂಡತಿ ನಕ್ಕು, “ಭಾವ, ಅದು ತಣ್ಣಗಿಡುವುದಕ್ಕಲ್ಲ, ಹೆಪ್ಪುಗಟ್ಟದ ಹಾಗೆ ಇಡುವುದಕ್ಕೆ. ಹೊರಗಿಟ್ಟರೆ ಟೊಮೇಟೊ ಕಲ್ಲಾಗುತ್ತದೆ, ನೀರಿನ ಕ್ಯಾನು ಒಡೆಯುತ್ತದೆ” ಎಂದಳು. ಅವಳು ದೋಸೆ ಹುಯ್ಯಲು ಮೇಜಿನ ಮೇಲಿಡುವ ಪುಟ್ಟ ಒಲೆಯನ್ನು ಒಯ್ಯೋಣವೆಂದರೆ ಅದೂ ಆಗದಂತೆ. ಅದರ ಡಬ್ಬಿಯಲ್ಲಿರುವ ಬ್ಯೂಟೇನ್ ಅನಿಲ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗುವುದನ್ನೇ ಬಿಟ್ಟು ದ್ರವವಾಗಿ ಕುಳಿತುಬಿಡುತ್ತದೆ. ಪ್ರೊಪೇನ್ ಆದರೆ ಸೊನ್ನೆಗಿಂತ 42 ಡಿಗ್ರಿ ಕೆಳಗಿನ ತನಕ ಸೋಲುವುದಿಲ್ಲ. ಆದ್ದರಿಂದ ಮೀನುಮನೆಯ ಒಲೆಗೆಲ್ಲ ಪ್ರೊಪೇನೇ.

ತಮ್ಮ ಇದನ್ನೆಲ್ಲ ಕನ್ನಡದಲ್ಲಿ ಪಟ್ಟಿ ಮಾಡಿದ. ಅಕ್ಕಿಗೆ ಬಂದಾಗ, “ತಲೆಗೊಂದು ಪಾವು, ಬಂದವರಿಗೆ ಒಂದು ಹಿಡಿ” ಎಂದು ಗಟ್ಟಿಯಾಗಿ ಹೇಳುತ್ತ ಬರೆದ. ನಾನು ತಲೆಯೆತ್ತಿ ನೋಡಿದೆ. ಅದು ಅಮ್ಮನ ಲೆಕ್ಕ. ಮಂಜಿನ ಮೇಲೆ ಯಾರು ಬರುತ್ತಾರೆ ಎಂದು ಕೇಳಬಹುದಾಗಿತ್ತು, ಕೇಳಲಿಲ್ಲ. ಪಟ್ಟಿಯ ಮೊದಲ ಪದ ‘ಉಪ್ಪು’. “ನೀನು ಮೇಷ್ಟ್ರು. ಗುರುತು ಹಾಕುವ ಕೆಲಸ ನಿನ್ನದು” ಎಂದು ಪೆನ್ಸಿಲನ್ನು ನನ್ನ ಕೈಗಿತ್ತ.

ಶನಿವಾರ ಮಧ್ಯಾಹ್ನ ಮೀನುಮನೆ ಸೇರಿದೆವು. ಬಾಡಿಗೆಗೆ ಕೊಟ್ಟವರು ಮಂಜಿನ ಮೇಲೆ ರಸ್ತೆಯನ್ನೂ ತೆಗೆದಿದ್ದರು. ಗಾಡಿ ಅದರ ಮೇಲೆ ಹೋಗುವಾಗ ಕೆಳಗಿನಿಂದ ಒಂದು ದೀರ್ಘವಾದ ನರಳಾಟ ಕೇಳಿಸಿತು. ಮಂಜುಗಡ್ಡೆ ಹಿಗ್ಗಿ ಕುಗ್ಗುವಾಗ ಹಾಗೆ ಸದ್ದಾಗುತ್ತದಂತೆ. ವಿಜ್ಞಾನ ತಿಳಿದದ್ದರಿಂದ ಭಯವೇನೂ ಕಡಿಮೆಯಾಗಲಿಲ್ಲ.

ರಾತ್ರಿ ಚಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯಿತು. ಒಳಗೆ ಬೆಚ್ಚಗಿತ್ತು. ತಮ್ಮ ಒಲೆ ಹಚ್ಚುವ ಮೊದಲು ಗಾಳಿಕಿಂಡಿಯನ್ನು ತೆರೆದ. ಚಳಿಗೆ ಹೆದರಿ ಅದನ್ನು ಮುಚ್ಚಿದವರು ಬೆಳಗ್ಗೆ ಏಳದೆ ಹೋದದ್ದುಂಟು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಕಂಡುಹಿಡಿದು ಕೂಗುವ ಯಂತ್ರವನ್ನು ಗೋಡೆಗೆ ಹಾಕಿದ್ದರು; ತಮ್ಮ ಅದರ ಗುಂಡಿ ಒತ್ತಿ ಕೂಗಿಸಿ ನೋಡಿ, ಆಮೇಲೆ ಅನ್ನಕ್ಕಿಟ್ಟ. ಬೆಂದ ಬೇಳೆಗೆ ಹುಣಸೆರಸ, ಬೆಲ್ಲ, ಸಾರಿನ ಪುಡಿ ಬಿದ್ದವು. ಆ ಐದಡಿಯ ಜಾಗದಲ್ಲಿ ನಮ್ಮ ಹಳೆಯ ಮನೆಯ ಸಂಜೆ ಏಳು ಗಂಟೆ ಬಂದು ನಿಂತಿತು.

“ಅಣ್ಣ, ಉಪ್ಪು ಕೊಡು.”

ನಾನು ಕೈಚೀಲದಲ್ಲಿ ಹುಡುಕಿದೆ, ಪೆಟ್ಟಿಗೆಯಲ್ಲಿ ಹುಡುಕಿದೆ, ಗಾಡಿಯಲ್ಲಿ ಹುಡುಕಿದೆ. ಪಟ್ಟಿಯನ್ನು ತೆಗೆದು ನೋಡಿದರೆ ಉಪ್ಪಿನ ಮುಂದೆ ದಪ್ಪವಾದ ಗುರುತು ಇತ್ತು. ಇಪ್ಪತ್ತು ವರ್ಷ ಉತ್ತರಪತ್ರಿಕೆಗಳ ಮೇಲೆ ಓಡಿದ ಕೈ. ವಸ್ತುವನ್ನು ನೋಡದೆಯೇ ಗುರುತು ಹಾಕಿಬಿಟ್ಟಿತ್ತು! ಉಪ್ಪಿನಕಾಯಿಯಾದರೂ ಇದ್ದೀತೇ ಎಂದರೆ, ಜಾಡಿ ಒಡೆದೀತೆಂದು ಅದನ್ನು ನಾವೇ ಬೇಡವೆಂದಿದ್ದೆವು. ಬಿಸಿಬೇಳೆಭಾತಿಗೆ ಉಪ್ಪು ಬಿದ್ದಿತ್ತು. ಆದರೆ ಅದು ನಾಳೆಯ ಊಟ, ಜೊತೆಗೆ ಕಲ್ಲು. ಅಂಗಡಿಗೆ ಹೋಗಬೇಕೆಂದರೆ ಕತ್ತಲೆಯಲ್ಲಿ ಅಷ್ಟು ದೂರ ಮಂಜಿನ ಮೇಲೆ ಗಾಡಿ ಓಡಿಸಬೇಕು. ಮನೆಯ ಊಟದಲ್ಲಿ ಉಪ್ಪು ಕಡಿಮೆಯಾದಾಗಲೆಲ್ಲ ನಾನು ಮುಖ ಸಿಂಡರಿಸಿದ್ದು ನೆನಪಾಯಿತು. ಅಷ್ಟು ವರ್ಷಗಳಲ್ಲಿ ಅದು ಎಷ್ಟು ಸಲ ಸರಿಯಾಗಿತ್ತು ಎಂಬುದು ಮಾತ್ರ ನೆನಪಾಗಲಿಲ್ಲ.

ತಪ್ಪು ನನ್ನದಾದ್ದರಿಂದ ನಾನೇ ಹೊರಟೆ. ತಮ್ಮ ಒಲೆ ಆರಿಸಿ ಜೊತೆಗೆ ಬಂದ. ಇನ್ನೂರು ಹೆಜ್ಜೆಯಾಚೆ ಒಂದು ದೀಪವಿತ್ತು. ಬಾಗಿಲು ತೆಗೆದವರು ಎಪ್ಪತ್ತರ ಆಚೆಯ ಒಬ್ಬ ಮುದುಕರು. ಒಳಗೆ ಅವರ ಹೆಂಡತಿ. ಅವರು ಕೇಳಿದ್ದು “ಯಾರು?” ಎಂದಲ್ಲ, “ಬಾಗಿಲು ಹಾಕಿ, ಚಳಿ ಬರುತ್ತದೆ” ಎಂದು. ಆಕೆಯ ಒಲೆಯ ಮೇಲೆ ಕಾಡಕ್ಕಿಯ ಸೂಪು ಕುದಿಯುತ್ತಿತ್ತು. ಕಪ್ಪಗೆ, ನೀಳವಾಗಿರುವ ಈ ಕಾಳು ನಮ್ಮ ಭತ್ತದ ದೂರದ ನೆಂಟ. ಆ ಸೀಮೆಯ ಮೂಲನಿವಾಸಿಗಳಾದ ಓಜಿಬ್ವೆ ಜನ ಅದನ್ನು ‘ಮನೋಮಿನ್’ ಎನ್ನುತ್ತಾರೆ. ದೋಣಿಯಲ್ಲಿ ಹೋಗಿ, ನೀರಿನಲ್ಲಿ ಬೆಳೆದ ತೆನೆಗಳನ್ನು ಕೋಲಿನಿಂದ ಮೆಲ್ಲಗೆ ಬಡಿದು ಉದುರಿಸಿಕೊಳ್ಳುತ್ತಾರೆ. ಸೂಪಿನಲ್ಲಿ ಕೋಳಿಯಿದೆಯೆಂದು ತಿಳಿದು ನಾವು ಕೈಮುಗಿದೆವು. ಆಕೆ ಒಂದು ಲೋಟದಲ್ಲಿ ಉಪ್ಪು ಕೊಟ್ಟು, ಇವರು ಬೆಳಗಿನ ತನಕ ಏನು ತಿಂದಾರೋ ಎಂಬ ಚಿಂತೆಯಿಂದ ನಾಲ್ಕು ರೊಟ್ಟಿಯ ತುಂಡುಗಳನ್ನೂ ಸುತ್ತಿಕೊಟ್ಟರು. ತಮ್ಮ ಜೇಬಿನಿಂದ ಒಂದು ಪೊಟ್ಟಣ ತೆಗೆದು ಅವರ ಕೈಯಲ್ಲಿಟ್ಟ: ಸಂಕ್ರಾಂತಿಯ ಎಳ್ಳು ಬೆಲ್ಲ. ಇದನ್ನು ತಿಂದು ಒಳ್ಳೆಯ ಮಾತಾಡಬೇಕೆಂದು ನಮ್ಮಲ್ಲಿ ಹೇಳುತ್ತಾರೆ ಎಂದು ಅವರಿಗೆ ವಿವರಿಸಿದ. ಮುದುಕರು ಬಾಯಿಗೆ ಹಾಕಿಕೊಂಡು, “ಹಾಗಾದರೆ ಇವಳಿಗೆ ಹೆಚ್ಚು ಕೊಡಿ” ಎಂದರು.

ಹಿಂತಿರುಗಿ ಬಂದು, ಉಪ್ಪು ಹಾಕಿ ಸಾರನ್ನು ಮತ್ತೆ ಕುದಿಸಿ ಊಟಕ್ಕೆ ಕುಳಿತೆವು. ತಮ್ಮ ಮೊದಲ ತುತ್ತನ್ನು ನುಂಗಿ, “ಉಪ್ಪಿಗಿಂತ ರುಚಿಯಿಲ್ಲ” ಎಂದ.

ಗಾದೆಯ ಉಳಿದರ್ಧ ನಿಮಗೆ ಗೊತ್ತು. ನಮಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

ಈಗ ಆ ಕಾರಣವನ್ನು ಹೇಳಬೇಕು. 2021ರ ಮೇ ತಿಂಗಳಲ್ಲಿ ಕೊರೋನಾ ನಮ್ಮ ಅಮ್ಮನನ್ನು ಕರೆದೊಯ್ದಿತು. ತಮ್ಮ ಬರಲಿಲ್ಲ. ಆಗ ಬಂದಿದ್ದರೆ ಹೆಂಡತಿ ಮಗುವನ್ನು ಬಿಟ್ಟು ಎಷ್ಟು ತಿಂಗಳು ಇಲ್ಲೇ ಸಿಕ್ಕಿಬೀಳುತ್ತಿದ್ದನೋ ಹೇಳುವಂತಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಹದಿಮೂರನೆಯ ದಿನ ಅವನು ದೂರವಾಣಿಯಲ್ಲಿ ಅಳುತ್ತಿದ್ದಾಗ, “ನೀನಿಲ್ಲದೆಯೂ ಎಲ್ಲ ನಡೆಯಿತು” ಎಂದುಬಿಟ್ಟೆ. ವರ್ಷಾಂತಿಕಕ್ಕೆ ಬಂದು ನಾಲ್ಕು ದಿನ ಇದ್ದು ಹೋದ. ಮನೆಯ ಕಂದಾಯ, ವಿಮಾನದ ಸಮಯ, ಇಷ್ಟೇ ಮಾತಾಡಿದೆವು.

“ನೀನು ಇಲ್ಲಿಗೆ ಬರಲು ಶುರುಮಾಡಿದ್ದು ಯಾವಾಗ?” ಎಂದು ಕೇಳಿದೆ.

ತಮ್ಮ ನೆಲದ ತೂತನ್ನು ನೋಡುತ್ತಿದ್ದ. ನೀರು ಕಪ್ಪಗೆ, ಅಲುಗದೆ ನಿಂತಿತ್ತು. “ಅಮ್ಮ ಹೋದ ವರ್ಷದ ಚಳಿಗಾಲದಲ್ಲಿ. ಮೊದಲ ಸಲ ಸಹೋದ್ಯೋಗಿ ಒಬ್ಬ ಕರೆದುಕೊಂಡು ಬಂದ. ಏನೂ ಮಾತಾಡದೆ ಇಡೀ ದಿನ ಕೂತಿದ್ದರೂ ಇಲ್ಲಿ ಯಾರೂ ಏಕೆಂದು ಕೇಳುವುದಿಲ್ಲ” ಎಂದ. ಸ್ವಲ್ಪ ಹೊತ್ತಾದ ಮೇಲೆ, “ಮಾರನೆಯ ಸಲ ಅಕ್ಕಿ ಬೇಳೆ ತಂದೆ. ಅಡಿಗೆ ಮಾಡಿದೆ. ಅಮ್ಮ ಹೇಗೆ ಮಾಡುತ್ತಿದ್ದಳು ಎಂದು ನೆನೆಸಿಕೊಂಡು ಮಾಡಿದೆ” ಎಂದ.

“ಆ ಮಾತನ್ನು ನಾನು ಆಡಬಾರದಾಗಿತ್ತು” ಎಂದೆ.

ಯಾವ ಮಾತು ಎಂದು ಅವನು ಕೇಳಲಿಲ್ಲ. ಸೌಟನ್ನು ತೆಗೆದುಕೊಂಡು, “ಇನ್ನೊಂದು ಸ್ವಲ್ಪ ಸಾರು ಹಾಕಿಕೋ” ಎಂದ. ಹಾಕಿಕೊಂಡೆ.

ಭಾನುವಾರ ಬೆಳಗ್ಗೆ ನಾನು ಮೊದಲು ಎದ್ದು ಉಪ್ಪಿಟ್ಟಿಗೆ ನೀರಿಟ್ಟೆ. ತಮ್ಮನ ಹೆಂಡತಿ ರವೆಯನ್ನು ಹುರಿದು ಒಗ್ಗರಣೆ ಸೇರಿಸಿ ಕಟ್ಟಿಕೊಟ್ಟಿದ್ದಳಾದ್ದರಿಂದ ನನ್ನ ಪಾಲಿಗೆ ಉಳಿದ ಕಲೆ ಉಪ್ಪು ಹಾಕುವುದೊಂದೇ. ಉಪ್ಪಿಟ್ಟು ಎಂಬ ಪದದ ವ್ಯುತ್ಪತ್ತಿಯನ್ನು ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಆ ಪದದ ಮೊದಲರ್ಧವನ್ನು ಎಷ್ಟು ಹಾಕಬೇಕೆಂಬುದು ಮಾತ್ರ ತಿಳಿಯದೆ ತಮ್ಮನನ್ನು ಎಬ್ಬಿಸಿ ಕೇಳಿದೆ. ಅವನು ಕಣ್ಣು ತೆರೆಯದೆಯೇ ಐದು ಬೆರಳನ್ನು ಕೂಡಿಸಿ ತೋರಿಸಿದ. ಉಪ್ಪಿಟ್ಟು ಮೂವರಿಗಾಗುವಷ್ಟು ಆಯಿತು. ಮಿಕ್ಕದ್ದನ್ನು ಮುದುಕರಿಗೆ ಕೊಟ್ಟು ಲೋಟವನ್ನು ಹಿಂತಿರುಗಿಸಿ ಬಂದೆವು.

ಊರಿಗೆ ಬಂದ ಮೇಲೆ ಈ ಕಥೆಯನ್ನೆಲ್ಲ ಹೆಂಡತಿಗೆ ಹೇಳಿದೆ. ಕೊನೆಯ ತನಕ ಗಂಭೀರವಾಗಿ ಕೇಳಿ, “ನಾಳೆ ಬೆಳಗ್ಗೆ ತಿಂಡಿಗೆ ಏನು ಎಂದು ನೀವೇ ಯೋಚನೆ ಮಾಡಿ ಹೇಳಿ ನೋಡೋಣ” ಎಂದಳು. ಅರ್ಧ ಗಂಟೆ ಯೋಚಿಸಿದೆ. ರವೆ ಇದೆಯೋ ಇಲ್ಲವೋ ನೋಡಲು ಅಡಿಗೆಮನೆಗೆ ಹೋಗಿ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೇನೆ.