ಹಿಮದ ಮಳೆಗಾಲ

ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದು ಕಳುಹಿಸಬೇಕೆಂದು ನಮ್ಮ ಶಾಲೆಯಿಂದ ಕಾಗದ ಬಂದಾಗ, ಪ್ರಿಯ ಸೋದರಿಯರೇ, ಅಕ್ಕತಂಗಿಯರಾದ ನಾವಿಬ್ಬರೂ ಬಹಳ ಹೊತ್ತು ಯೋಚಿಸಿದೆವು. ಹೇಳಿಕೊಳ್ಳತಕ್ಕ ದೊಡ್ಡ ಕಾರ್ಯವನ್ನೇನೂ ನಾವು ಮಾಡಿದವರಲ್ಲ. ಅಮೇರಿಕದ ಬಾಸ್ಟನ್ ನಗರದ ಡಾರ್ಚೆಸ್ಟರ್ ಎಂಬ ಭಾಗದಲ್ಲಿ, ಎರಡಂತಸ್ತಿನ ಮರದ ಮನೆಯೊಂದರಲ್ಲಿ, ಒಬ್ಬಳ ಸಂಸಾರ ಕೆಳಗೆ, ಇನ್ನೊಬ್ಬಳದು ಮೇಲೆ, ಹೀಗೆ ಬಾಳುತ್ತಿರುವವರು. ಆದಕಾರಣ 2015ನೆಯ ಇಸವಿಯ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿಯೂ ಬೀದಿಯಲ್ಲಿಯೂ ನಡೆದುದನ್ನೇ ಬರೆಯುತ್ತೇವೆ. ಆ ವರ್ಷ ನಮ್ಮ ತಾಯಿಯವರು ಮಂಗಳೂರಿನಿಂದ ಬಂದು ನಮ್ಮೊಡನೆ ಇದ್ದರು.

ಜನವರಿಯ ಮೊದಲ ಮೂರು ವಾರಗಳು ಸಾಧಾರಣವಾಗಿಯೇ ಕಳೆದವು. 26ನೆಯ ತಾರೀಕಿಗೆ ಹಿಮ ಬೀಳತೊಡಗಿತು. ನಿಂತಾಗ ಎರಡಡಿಗೆ ಮಿಕ್ಕಿತ್ತು. ಫೆಬ್ರವರಿ ಒಂದೇ ತಿಂಗಳಲ್ಲಿ ಮತ್ತೆ 64.8 ಅಂಗುಲ ಬಿತ್ತು. ಆ ತಿಂಗಳ ಸರಾಸರಿ ಉಷ್ಣತೆ ಸೊನ್ನೆಗಿಂತ ಏಳು ಡಿಗ್ರಿ ಕೆಳಗಿದ್ದುದರಿಂದ ಬಿದ್ದ ಹಿಮವು ಕರಗುವದೆಂಬುದೇ ಇಲ್ಲ. ಕಾಲುದಾರಿಯ ಎರಡೂ ಬದಿಗಳಲ್ಲಿ ಗೋಡೆಗಳೆದ್ದು, ಶಾಲೆಗೆ ಹೊರಟ ಮಕ್ಕಳ ಟೊಪ್ಪಿಗೆಗಳು ಮಾತ್ರ ಕಾಣುತ್ತಿದ್ದವು. ಆದರೆ ಶಾಲೆಯಾದರೂ ಎಷ್ಟು ದಿವಸ ನಡೆಯಿತು? ಬಿಡುವು ಕೊಟ್ಟ ದಿನಗಳನ್ನು ತುಂಬಿಸುವದಕ್ಕಾಗಿ ಜೂನ್ ತಿಂಗಳ ಕೊನೆಯವರೆಗೆ ಪಾಠ ನಡೆಸಬೇಕಾಯಿತು.

ತಾಯಿಯವರಿಗೆ ಇದೆಲ್ಲ ಹೊಸದಾಗಿ ತೋರಲಿಲ್ಲ. “ಮಕ್ಕಳೇ, ಇದು ಬೆಳ್ಳಗಿನ ಆಟಿ ತಿಂಗಳಲ್ಲದೆ ಮತ್ತೇನು?” ಎಂದರು. ಹಿಮ ಬರುವದೆಂದು ಸುದ್ದಿಯಾದ ಕೂಡಲೇ ಇಲ್ಲಿಯ ಜನರು ಅಂಗಡಿಗಳಿಗೆ ಓಡಿ ರೊಟ್ಟಿಯನ್ನೂ ಹಾಲನ್ನೂ ಬರಿದುಮಾಡುತ್ತಾರೆ. ಅದನ್ನು ಕಂಡು ಅವರಿಗೆ ನಗು. ಮನೆಯಲ್ಲಿ ಅಕ್ಕಿಯಿದೆ, ಮಿಡಿ ಉಪ್ಪಿನಕಾಯಿಯಿದೆ, ಅವರೇ ಪೆಟ್ಟಿಗೆಯಲ್ಲಿ ತಂದ ಹಲಸಿನ ಹಪ್ಪಳವಿದೆ, ಇನ್ನು ಹೆದರಿಕೆ ಯಾವದಕ್ಕೆ? ಮಾಡಿನ ಹಿಮವು ಮನೆಯ ಶಾಖದಿಂದ ಕರಗಿ, ಸೂರಿನ ಬಳಿಗೆ ಬಂದು ಮತ್ತೆ ಗಡ್ಡೆಗಟ್ಟಿ, ಹಿಂದಿನ ನೀರಿಗೆ ದಾರಿಯಿಲ್ಲದೆ ಅದು ಒಳಗೆ ಸೋರಲು ತೊಡಗಿದಾಗ ನಾವು ಗಾಬರಿಗೊಂಡೆವು. ಅವರಾದರೋ ಎಲ್ಲೆಲ್ಲಿ ಹನಿ ಬೀಳುವದೆಂದು ನೋಡಿ, ಒಂದೊಂದು ಪಾತ್ರೆಯನ್ನಿಟ್ಟು, ಹೊಲಿಗೆ ಹಿಡಿದು ಕುಳಿತರು. ಹಂಚಿನ ಮಾಡಿನ ಕೆಳಗೆ ಎಪ್ಪತ್ತು ಮಳೆಗಾಲ ಕಂಡವರಲ್ಲವೇ!

ಇನ್ನು ಬೀದಿಯ ಸಂಗತಿ. ಈ ನಗರದಲ್ಲಿ ಒಂದು ವಾಡಿಕೆಯುಂಟು. ಬೀದಿಯ ಬದಿಯಲ್ಲಿ ತನ್ನ ಕಾರಿಗಾಗಿ ಯಾರು ಹಿಮವನ್ನು ಅಗೆದರೋ ಅವರು ಅಲ್ಲಿ ಒಂದು ಮುರುಕು ಕುರ್ಚಿಯನ್ನೋ ಪೀಪಾಯಿಯನ್ನೋ ಇಟ್ಟು ಹೋಗುತ್ತಾರೆ. ಆ ಸ್ಥಳಕ್ಕೆ ಬೇರೆಯವರು ಕೈ ಹಾಕಕೂಡದು. ಹಿಮದ ತುರ್ತುಸ್ಥಿತಿ ಮುಗಿದ 48 ಗಂಟೆಗಳವರೆಗೆ ನಗರಾಡಳಿತವೂ ಇದನ್ನು ಸಹಿಸಿಕೊಳ್ಳುತ್ತದೆ. ನಮ್ಮಲ್ಲಿ ಹಿರಿಯವಳ ಯಜಮಾನರಿಗೆ ಇದು ತಿಳಿಯದು. ಒಂದು ಸಂಜೆ ಎದುರುಮನೆಯ ವೃದ್ಧೆಯ ಕುರ್ಚಿಯನ್ನು, ಯಾರೋ ಬಿಸಾಡಿದ್ದೆಂದು ತಿಳಿದು, ಬದಿಗೆ ಸರಿಸಿ ಕಾರು ನಿಲ್ಲಿಸಿದರು. ರಾತ್ರಿ ಹಿಮ ದೂಡುವ ಬಂಡಿಯು ಅದನ್ನು ನುಚ್ಚುನೂರುಮಾಡಿತು. ಒಂಟಿಯಾಗಿದ್ದ, ಎಂಬತ್ತು ದಾಟಿದ ಆ ಹೆಂಗಸು ಎರಡು ದಿವಸ ಅಗೆದು ಮಾಡಿಕೊಂಡ ಸ್ಥಳವದು. ನಾವು ಕ್ಷಮೆ ಬೇಡಹೋದಾಗ ಅವರು ಬಾಗಿಲು ತೆರೆಯಲಿಲ್ಲ. ಅವರದೇನೂ ತಪ್ಪಿಲ್ಲ.

ಫೆಬ್ರವರಿ 10ನೆಯ ತಾರೀಕು ನಗರದ ರೈಲುಗಳೆಲ್ಲ ನಿಂತುಹೋದವು. ಗಂಡಸರು ಮನೆಯಲ್ಲಿಯೇ ಉಳಿದರು. ಎಂಟು ಮಂದಿ ಒಂದೇ ಸೂರಿನಡಿ ಹಗಲಿರುಳು ಇದ್ದರೆ ಏನಾಗುವದೆಂದು ವಿವರಿಸುವ ಅಗತ್ಯವಿಲ್ಲ.

14 ಮತ್ತು 15ರಂದು ಮತ್ತೆ ಹಿಮ ಸುರಿಯಿತು. ಆದಿತ್ಯವಾರ ಮಧ್ಯಾಹ್ನ ನಾವೆಲ್ಲರೂ ಸಲಿಕೆಗಳನ್ನು ಹಿಡಿದು, ದಾರಿಯ ಹಿಮವನ್ನೆಲ್ಲ ಮನೆಯ ಪಕ್ಕದ ಗೋಡೆಗೆ ರಾಶಿಹಾಕಿ, ಕೆಲಸವನ್ನು ಚೆನ್ನಾಗಿ ಮುಗಿಸಿದೆವೆಂದು ಸಂತೋಷಪಟ್ಟೆವು. ಸಂಜೆ ತಾಯಿಯವರಿಗೆ ತಲೆನೋವು. ಕಿರಿಯವಳ ಚಿಕ್ಕ ಮಗುವಿಗೆ ವಾಂತಿ. ಕಿಟಿಕಿ ಮುಚ್ಚಿದ ಮನೆಯ ಒಣ ಶಾಖದಿಂದ ಹೀಗಾಗಿದೆಯೆಂದು ಜೀರಿಗೆಯ ಕಷಾಯವನ್ನು ಕೊಟ್ಟು ಮಲಗಿಸಿದೆವು.

ರಾತ್ರಿ ಮೂರು ಗಂಟೆಗೆ ನೆಲಮಾಳಿಗೆಯಿಂದ ಕರ್ಕಶವಾದ ಕೂಗು ಕೇಳಿತು. ಹೊಗೆಯನ್ನೂ ವಿಷವಾಯುವನ್ನೂ ಕಂಡು ಕೂಗುವ ಸಾಧನವದು. ಅಂಥದೇ ಇನ್ನೊಂದು ಅಡಿಗೆಮನೆಯಲ್ಲಿತ್ತು. ಒಗ್ಗರಣೆಗೆ ಮೆಣಸು ಹಾಕಿದಾಗಲೆಲ್ಲ ಅದು ಕೂಗುವದೆಂದು ನಾವೇ ಕಳಚಿ ಪೆಟ್ಟಿಗೆಯಲ್ಲಿಟ್ಟಿದ್ದೆವು. ಕೆಳಗಿನದನ್ನೂ ಕಳಚಿದ್ದರೆ ಈ ಬರವಣಿಗೆ ನಿಮಗೆ ತಲುಪುತ್ತಿತ್ತೋ ಇಲ್ಲವೋ.

ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದೆವು. ತಾಯಿಯವರು ಸೀರೆಯ ಮೇಲೊಂದು ಕಂಬಳಿ ಹೊದ್ದು, ಯಾರದೋ ಬೂಟುಗಳಲ್ಲಿ ಕಾಲು ತೂರಿಸಿ, ನಡುಗುತ್ತ ನಿಂತರು. ಅಗ್ನಿಶಾಮಕ ದಳದವರು ಬರುವ ಮೊದಲೇ ಎದುರುಮನೆಯ ಬಾಗಿಲು ತೆರೆಯಿತು. ಆ ವೃದ್ಧೆಯು ಕೈದೀಪ ಹಿಡಿದು ಮೆಟ್ಟಲಲ್ಲಿ ನಿಂತು, ಮೊದಲು ಮಕ್ಕಳನ್ನು ಕಳುಹಿಸಿರೆಂದು ಕೂಗಿದರು. ಕುರ್ಚಿಯ ಮಾತನ್ನು ಆಗಲೂ ಎತ್ತಲಿಲ್ಲ, ಅನಂತರವೂ ಎತ್ತಲಿಲ್ಲ.

ಕಾರಣವನ್ನು ದಳದವರು ಬೇಗನೆ ಕಂಡುಹಿಡಿದರು. ಮನೆಯನ್ನು ಬೆಚ್ಚಗಿಡುವ ಗ್ಯಾಸಿನ ಒಲೆಯ ಹೊಗೆಯು ಪಕ್ಕದ ಗೋಡೆಯಿಂದ ಹೊರಚಾಚಿದ ಕೊಳವೆಯ ಮೂಲಕ ಹೋಗತಕ್ಕದ್ದು. ನಾವು ರಾಶಿಹಾಕಿದ ಹಿಮದಡಿ ಅದರ ಬಾಯಿ ಮುಚ್ಚಿಹೋಗಿ, ಕಾರ್ಬನ್ ಮೊನಾಕ್ಸೈಡ್ ಎಂಬ, ಬಣ್ಣವೂ ವಾಸನೆಯೂ ಇಲ್ಲದ ವಾಯುವು ಮನೆಯೊಳಗೆ ತುಂಬಿತ್ತು. ಆ ಗೋಡೆಯಲ್ಲಿ ಎಂಟಡಿ ಎತ್ತರದಲ್ಲಿ ಒಂದು ಫಲಕವಿದೆ: ಕೆಳಗೆ ಗ್ಯಾಸಿನ ಕೊಳವೆಯಿದೆ, ಅಡ್ಡಮಾಡಬೇಡಿರಿ, ಎಂದು. ಅದರ ಕೆಳಗೆ ಎಷ್ಟೋ ಸಾರಿ ಹಾದುಹೋದ ನಾವು ಒಮ್ಮೆಯೂ ಅದನ್ನು ಓದಿದವರಲ್ಲ. 2005ನೆಯ ಇಸವಿಯ ಜನವರಿಯಲ್ಲಿ ಇದೇ ಸಂಸ್ಥಾನದ ಪ್ಲಿಮತ್ ಪಟ್ಟಣದಲ್ಲಿ ಏಳು ವರ್ಷದ ಬಾಲಕಿಯೊಬ್ಬಳು ಹೀಗೆಯೇ, ಹಿಮದಿಂದ ಮುಚ್ಚಿದ ಕೊಳವೆಯ ದೆಸೆಯಿಂದ, ತೀರಿಕೊಂಡಳು. ಅವಳ ಹೆಸರಿನಲ್ಲಿ ಆದ ಕಾನೂನಿನಿಂದಲೇ 2006ರಿಂದ ಇಲ್ಲಿಯ ಮನೆಗಳಲ್ಲಿ ಆ ಕೂಗುವ ಸಾಧನವು ಕಡ್ಡಾಯವಾಯಿತು.

ತಾಯಿಯವರಿಗೂ ಮಗುವಿಗೂ ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಆಮ್ಲಜನಕವನ್ನು ಕೊಟ್ಟರು. ಇಬ್ಬರೂ ಗುಣಹೊಂದಿದರು. ಅಡಿಗೆಮನೆಯ ಸಾಧನವನ್ನು ಅದೇ ದಿನ ಅದರ ಸ್ಥಳದಲ್ಲಿ ಸಿಕ್ಕಿಸಿದೆವು. ಅಂದಿನಿಂದ ಒಗ್ಗರಣೆಗೆ ಮುಂಚೆ ಕಿಟಿಕಿ ತೆರೆಯುವದೇ ನಮ್ಮ ಪದ್ಧತಿ, ಚಳಿಯಾದರೂ ಸರಿಯೇ.

ಆಮೇಲೆ ತಾಯಿಯವರು ದಿನವೂ ಎದುರುಮನೆಗೆ ಹೋಗುವವರಾದರು. ಇವರ ಇಂಗ್ಲಿಷು ಅಷ್ಟಕ್ಕಷ್ಟೆ, ಅವರ ಕನ್ನಡ ಸೊನ್ನೆ. ಹಾಗಿದ್ದರೂ ಹಪ್ಪಳದ ತಟ್ಟೆಯೊಡನೆ ಹೋದವರು ಬೀದಿಯ ಸುದ್ದಿಯನ್ನೆಲ್ಲ ತರುತ್ತಿದ್ದರು. ಮೂಲೆಮನೆಯ ದಾದಿಯು ರೈಲಿಲ್ಲದ ದಿನ ಹಿಮದಲ್ಲಿ ನಡೆದೇ ಆಸ್ಪತ್ರೆಗೆ ಹೋದದ್ದು, ಬಡಗಿಯ ಮನೆಯಲ್ಲಿ ಹೆಣ್ಣು ಶಿಶು ಹುಟ್ಟಿದ್ದು, ಯಾರ ಮಾಡು ಎಷ್ಟು ಸೋರುತ್ತದೆಂಬುದು, ಇವೆಲ್ಲ ಆರು ವರ್ಷ ಇಲ್ಲಿದ್ದ ನಮಗೆ ಗೊತ್ತಾದದ್ದು ಅವರಿಂದಲೇ. ಹಿರಿಯವಳ ಯಜಮಾನರು ಹೊಸ ಕುರ್ಚಿಯೊಂದನ್ನು ಕೊಟ್ಟು, ಉಳಿದ ಚಳಿಗಾಲವೆಲ್ಲ ಆ ಸ್ಥಳವನ್ನು ತಾವೇ ಅಗೆದರು. ಕುರ್ಚಿ ಹಿಮದಲ್ಲಿಡಲು ಬಹಳ ಚೆನ್ನಾಗಿದೆಯೆಂದು ಆ ವೃದ್ಧೆಯು ಅದನ್ನು ಒಳಗೆ ಹಾಕಿಕೊಂಡು, ಹೊರಗೆ ಒಂದು ಹಳೆಯ ಬಾಲ್ದಿಯನ್ನಿಟ್ಟರು.

ಆ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ಒಟ್ಟು 110.6 ಅಂಗುಲ ಹಿಮ ಬಿದ್ದು, 1995-96ರ ದಾಖಲೆಯನ್ನು ಮೀರಿತು. ತಾಯಿಯವರು ಎಪ್ರಿಲ್ ತಿಂಗಳಲ್ಲಿ ಊರಿಗೆ ಮರಳಿದರು. ನಗರದವರು ಸಮುದ್ರದ ಬದಿಗೆ ಸಾಗಿಸಿ ಗುಡ್ಡೆಹಾಕಿದ ಹಿಮದ ಕೊನೆಯ ತುಣುಕು ಕರಗಿದ್ದು ಜುಲೈ 14ಕ್ಕೆ. ಈ ಸಮಾಚಾರವನ್ನು ನಾವು ಫೋನಿನಲ್ಲಿ ಹೇಳಿದಾಗ ಮಂಗಳೂರಿನಲ್ಲಿ ಜೋರು ಮಳೆ; ಅವರ ಮಾತು ಅರ್ಧ ಕೇಳುತ್ತಿರಲಿಲ್ಲ. ಕೇಳಿಸಿದ್ದು ಇಷ್ಟೇ: “ಆ ಕೊಳವೆಯ ಬಾಯಿಯನ್ನು ನೋಡಿದಿರೋ?” ಹೋಗಿ ನೋಡಿದೆವು. ಪಕ್ಕದ ಬೇಲಿಯ ಬಳ್ಳಿಯೊಂದು ಅದಕ್ಕೆ ಸುತ್ತಿಕೊಂಡಿತ್ತು. ಕತ್ತರಿ ತಂದು ಕೊಯ್ದೆವು.