ಮಡಿಲಕ್ಕಿ

ಹನೂರು
ಸೋಮವಾರ ರಾತ್ರಿ, ಹನ್ನೊಂದೂವರೆ ದಾಟಿದೆ



ಅಣ್ಣ, ಮೊದಲು ವೈನಿಗೆ ಹೇಳು, ನಾನು ಆರಾಮ ಇದ್ದೇನೆ. ಮಾದಪ್ಪನ ಬೆಟ್ಟದಿಂದ ಇಳಿಯುವಾಗ ಫೋನಿನ ಚಾರ್ಜು ಮುಗಿಯಿತು, ಅದಕ್ಕೇ ಸಿಗಲಿಲ್ಲ. ಲಾಡ್ಜಿನಲ್ಲಿ ಇಲ್ಲ, ಒಬ್ಬ ಅಜ್ಜನ ಮಗಳ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವ್ವನ ಮುಂದೆ ಇದನ್ನ ಹೇಳಬೇಡ, ಗುರುತಿಲ್ಲದವರ ಮನೆ ಅಂತ ರಾತ್ರಿಯೆಲ್ಲ ನಿದ್ದೆ ಬಿಡುತ್ತಾಳೆ. ಅವಳ ಬಿಪಿ ಗುಳಿಗೆ ಬುಧವಾರಕ್ಕೆ ಮುಗಿಯುತ್ತವೆ, ನೆನಪಿರಲಿ.

ಮದುವೆಯ ಸೀರೆ ಆಯಿತು. ಕೊಳ್ಳೇಗಾಲದಲ್ಲಿ ಮಗ್ಗದ ಮೂರು ಮನೆ ಹತ್ತಿ ಇಳಿದೆ. ನಿನ್ನ ಮಗಳು ಕೇಳಿದ ಗಿಣಿಹಸಿರೇ ಸಿಕ್ಕಿತು, ಆದರೆ ಅಂಚು ಕುಂಕುಮ ಬಣ್ಣದ್ದು. ಬೆಳಿಗ್ಗೆ ಫೋಟೊ ಕಳಿಸುತ್ತೇನೆ. ಬೇಡ ಅನ್ನುವುದಿದ್ದರೆ ಮಧ್ಯಾಹ್ನದ ಒಳಗೆ ಹೇಳಬೇಕು, ಇನ್ನೂ ಮುಂಗಡ ಮಾತ್ರ ಕೊಟ್ಟಿದ್ದೇನೆ. ಭರಚುಕ್ಕಿ ನೋಡಿದೆ, ನೀರು ತುಂಬಾ ಇತ್ತು. ಯಳಂದೂರಿನ ಬಳೆ ಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಯ ಸರಪಳಿ ಇದೆ, ನೀನು ನೋಡಬೇಕು. ಮಾದಪ್ಪನ ಲಾಡು ನಾಲ್ಕು ಪೊಟ್ಟಣ ತಂದಿದ್ದೇನೆ.

ಕಾರ್ತಿಕ ಸೋಮವಾರ ಬೆಟ್ಟಕ್ಕೆ ಬರಬಾರದಿತ್ತು. ಇಳಿಯುವ ಬಸ್ಸಿಗೆ ಕಾಲಿಡಲು ಜಾಗವಿಲ್ಲ. ತಾಳಬೆಟ್ಟದ ತನಕ ನಿಂತೇ ಬಂದೆ, ಹನೂರಿಗೆ ಬರುವಷ್ಟರಲ್ಲಿ ಬಸ್ಸು ಕೆಟ್ಟು ನಿಂತಿತು. ಮುಂದಿನದು ಈಗ ಬರುತ್ತೆ, ಆಗ ಬರುತ್ತೆ ಅಂತ ಎರಡೂವರೆ ತಾಸು ಕೂಡಿಸಿದರು. ಮೊಣಕಾಲು ಬಾವು ಬಂದು ಕಲ್ಲಿನ ಹಾಗಾಯಿತು. ಪಕ್ಕದಲ್ಲಿ ಕೂತಿದ್ದ ಅಜ್ಜ ಆಗಿನಿಂದ ನನ್ನನ್ನೇ ನೋಡುತ್ತಿದ್ದವನು, "ಯಾವೂರವ್ವ?" ಅಂದ. ಹುಟ್ಟಿದ್ದು ರಾಣೆಬೆನ್ನೂರು, ಕೊಟ್ಟಿದ್ದು ದಾವಣಗೆರೆ ಅಂದೆ. "ಅಷ್ಟು ದೂರದಿಂದ ಬಂದು ಇಲ್ಲಿ ಹಸ್ಕೊಂಡು ಕೂತವ್ರಾ? ಎದ್ದೇಳಿ" ಅಂತ ನನ್ನ ಚೀಲ ತಾನೇ ಎತ್ತಿಕೊಂಡ. ಎಂಬತ್ತೈದು ವರ್ಷದ ಜೀವ ಅಣ್ಣ. ಚೀಲ ಕೊಡಿ ಅಂದರೂ ಕೊಡಲಿಲ್ಲ.

ಮಗಳು ಬಿಸಿನೀರು ಕಾಯಿಸಿ ಕಾಲಿಗೆ ಹಾಕಿದಳು. ಆಮೇಲೆ ಊಟ. ಮುದ್ದೆ, ಉಪ್ಪುಸಾರು. ಸೊಪ್ಪು ಕಾಳು ಬೇಯಿಸಿ ಬಸಿದ ನೀರೇ ಸಾರು. ಮೆಣಸು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕಲ್ಲಿನಲ್ಲಿ ಅರೆದ ಖಾರವನ್ನ ತಟ್ಟೆಯ ಅಂಚಿಗೆ ಇಡುತ್ತಾರೆ, ನಮಗೆ ಬೇಕಾದಷ್ಟು ಕಲಸಿಕೊಳ್ಳಬೇಕು. ಬಸಿದ ಸೊಪ್ಪಿಗೆ ತೆಂಗಿನಕಾಯಿ ಒಗ್ಗರಣೆ. ರೊಟ್ಟಿ ತಿಂದ ಬಾಯಿ ನನ್ನದು, ಅಗಿಯಲು ಹೋದೆ. ಆಕೆ ನಕ್ಕು ತುತ್ತು ಮುರಿದು, ಸಾರಲ್ಲಿ ಅದ್ದಿ, ನುಂಗುವುದು ಹೇಗೆ ಅಂತ ಮಗುವಿಗೆ ತೋರಿಸಿದ ಹಾಗೆ ತೋರಿಸಿದಳು. ಎರಡನೇ ಮುದ್ದೆ ಬೇಡ ಅನ್ನುವ ಮೊದಲೇ ಬಡಿಸಿದಳು. ಅವ್ವನ ಕೈಯ ಊಟ ಬಿಟ್ಟರೆ ಇಷ್ಟು ಹೊಟ್ಟೆ ತುಂಬಿದ್ದು ನೆನಪಿಲ್ಲ.

ಊಟದ ನಡುವೆ ಅಜ್ಜ ಕೇಳಿದ, "ನಿಮ್ಮ ಕಡೇರು ಬ್ಯಾರೆ ರಾಜ್ಯ ಕೇಳ್ತಾವ್ರಂತಲ್ಲ, ದಿಟವಾ?" ನೀನೇ ಎದುರು ಬಂದು ಕೂತ ಹಾಗಾಯಿತು. ನಮ್ಮಣ್ಣನೂ ಕೇಳುತ್ತಾನೆ ಅಂದೆ. ನೀನು ಹೇಳುವುದನ್ನೆಲ್ಲ ಬಿಡದೆ ಹೇಳಿದೆ: ನಂಜುಂಡಪ್ಪನವರ ಸಮಿತಿ 2002ರಲ್ಲಿ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಅಂತ ಗುರುತಿಸಿದ್ದು, ಅತಿ ಹಿಂದುಳಿದ 39ರಲ್ಲಿ 26 ನಮ್ಮ ಉತ್ತರದವೇ ಆಗಿದ್ದು, ಬೆಳಗಾವಿಯ ಸುವರ್ಣಸೌಧ ವರ್ಷದಲ್ಲಿ ಬಹುಕಾಲ ಖಾಲಿ ಇರುವುದು. ಅಜ್ಜ ಎಲ್ಲ ಕೇಳಿ, ಕೈ ತೊಳೆದು ಬಂದು, ತನ್ನ ಕಥೆ ಹೇಳಿದ. ನಾನು ನಿನಗೆ ಬರೆಯಲು ಕೂತದ್ದು ಅದಕ್ಕೇ.

ಅಣ್ಣ, ಈ ಕೊಳ್ಳೇಗಾಲ ಬಹುಕಾಲ ಮೈಸೂರಿನದಾಗಿರಲೇ ಇಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಕಂಪನಿಯ ಪಾಲಾಗಿ, ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. ಅರ್ಧ ಗಂಟೆ ಬಸ್ಸಿನ ದಾರಿಯ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿದು ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಮಾತು ಒಂದು, ದೇವರು ಒಂದು, ಹೆಣ್ಣು ಕೊಟ್ಟು ತರುವ ಮನೆಗಳೂ ಒಂದೇ, ನಡುವೆ ಮಾತ್ರ ಎರಡು ಸರ್ಕಾರ. ಅಜ್ಜನ ತಂದೆ ಕೊಳ್ಳೇಗಾಲದಲ್ಲಿ ಮಗ್ಗ ನಡೆಸುತ್ತಿದ್ದವರು, ತಾಯಿಯ ತವರು ಯಳಂದೂರು. ಎರಡನೇ ಮಹಾಯುದ್ಧದ ಕಾಲದಿಂದ ಧಾನ್ಯದ ಮೇಲೆ ನಿಯಂತ್ರಣ. ಒಂದು ಸರ್ಕಾರದ ಭತ್ತ ಪರವಾನಗಿ ಇಲ್ಲದೆ ಇನ್ನೊಂದಕ್ಕೆ ದಾಟುವಂತಿರಲಿಲ್ಲ. ಯಳಂದೂರಿನ ಗದ್ದೆಯಲ್ಲಿ ಭತ್ತ, ಕೊಳ್ಳೇಗಾಲಕ್ಕೆ ಕೊಟ್ಟ ಮಗಳ ಮನೆಯಲ್ಲಿ ಎಂಟು ಬಾಯಿ.

"ಅವ್ವ ತವರಿಗೆ ಓಗಿ ಬರುವಾಗ ಮಡಿಲಕ್ಕಿ ಕಟ್ಕೊಂಡು ಬರೋಳು ಕಣವ್ವ" ಅಂದ. "ಮಡಿಲಕ್ಕಿ ತಡೆಯೋಕೆ ಗಡಿ ಕಾಯೋನಿಗೂ ಕೈ ಬರ್ತಿರ್ನಿಲ್ಲ, ಅವನಿಗೂ ಅಕ್ಕ ತಂಗೀರು ಇದ್ರಲ್ಲ. ಅಜ್ಜಿ ಪ್ರತಿ ಸಲಾನೂ ಒಂದೊಂದು ಹಿಡಿ ಜಾಸ್ತಿ ಹಾಕೋಳು. ಅವ್ವ ಬಗ್ಗಿಕೊಂಡೇ ನಡೆಯೋಳು."

ನಾನು ತಟ್ಟೆ ಮುಂದೆ ಸುಮ್ಮನೆ ಕೂತೆ. ನಾವು ಉಡಿ ಅಕ್ಕಿ ಅನ್ನುತ್ತೇವೆ, ಇವರು ಮಡಿಲಕ್ಕಿ ಅನ್ನುತ್ತಾರೆ. ಪಂಚಮಿಗೆ ವೈನಿ ನನಗೆ ಉಡಿ ತುಂಬಿ ಕಳಿಸುತ್ತಾಳಲ್ಲ, ಹರಿಹರದ ಸೇತುವೆ ದಾಟುವಾಗ ಆ ಗಂಟು ನನ್ನ ತೊಡೆಯ ಮೇಲೇ ಇರುತ್ತದೆ. ಅದೇ ಹೊಳೆಯ ಆಚೆ ಮೈಸೂರು, ಈಚೆ ಮುಂಬಯಿ ಆಗಿದ್ದ ಕಾಲವನ್ನ ನಮ್ಮ ಅಜ್ಜಿ ಕಂಡಿದ್ದಳು.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮದ್ರಾಸನ್ನು ಬಿಟ್ಟು ಮೈಸೂರು ಜಿಲ್ಲೆಗೆ ಸೇರಿತು. ಅದಕ್ಕೂ ಮುಂಚೆ ಅಜ್ಜನ ಮನೆಯಲ್ಲೇ ಎರಡು ಪಕ್ಷ. ಅವನಿಗೆ ಆಗ ಹದಿನಾರು ವರ್ಷ. ತಂದೆ ಹೇಳುತ್ತಿದ್ದರಂತೆ: ಮದ್ರಾಸಿಗೆ ಹಿಪ್ಪುನೇರಳೆ ಅಂದರೆ ಕೊಳ್ಳೇಗಾಲವೇ, ಅಲ್ಲಿ ನಮಗೆ ಬೆಲೆ ಇದೆ, ಮೈಸೂರಿನಲ್ಲಿ ರೇಷ್ಮೆ ಬೆಳೆಯುವ ಊರು ಹತ್ತಾರು, ನಮ್ಮನ್ನ ಕೇಳುವವರು ಯಾರು? ಸೋದರಮಾವ ಯಳಂದೂರಿನಿಂದ ಬಂದು ವಾದಿಸುವರಂತೆ: ಒಂದು ಕಾಗದಕ್ಕೆ ಕಾಡು ಘಾಟಿ ಇಳಿದು ಕೊಯಮತ್ತೂರಿಗೆ ಹೋಗಿ ಬರುವ ಖರ್ಚನ್ನ ಯಾವ ಲೆಕ್ಕಕ್ಕೆ ಬರೆಯುತ್ತೀರಿ?

ಇಬ್ಬರ ಲೆಕ್ಕವೂ ಸರಿ ಇತ್ತು ಅಣ್ಣ, ನನ್ನನ್ನ ಹಿಡಿದು ಕೂಡಿಸಿದ್ದು ಇದೇ. ಮದ್ರಾಸು ತನ್ನ ಹಿಪ್ಪುನೇರಳೆಯ ದೊಡ್ಡ ಪಾಲು ಕಳಕೊಂಡಿತು. ಆಮೇಲೆ ಧರ್ಮಪುರಿ ಕಡೆ ಬೆಳೆಸಿಕೊಂಡಿತು. ಕಂಚಿಗೆ ಕರ್ನಾಟಕದ ರೇಷ್ಮೆ ಇವತ್ತಿಗೂ ಹೋಗುತ್ತದೆ. ನೂಲು ಹರಿಯಲಿಲ್ಲ. ಆದರೆ ಅಜ್ಜನ ತಂದೆಯ ಜಮೀನಿನ ಕಡತ ಹರಿಯಿತು. ಅಲ್ಲಿ ಪಟ್ಟಾ ಅಂದರು, ಇಲ್ಲಿ ಖಾತೆ ಅಂದರು. ಹಳೇ ಕಾಗದ ಒಂದು ಕಚೇರಿಯಲ್ಲಿ, ಹೊಸ ಸಾಹೇಬರು ಇನ್ನೊಂದರಲ್ಲಿ. ಆರು ವರ್ಷ ತಿರುಗಿ, ಮಗ್ಗ ಒಂದನ್ನ ಮಾರಿ, ಕೊನೆಗೆ ಕೈಗೆ ಬಂತು. "ರಾಜ್ಯಕ್ಕೆ ಲಾಭ ಆಯ್ತೋ ನಷ್ಟ ಆಯ್ತೋ, ಓದಿದೋರು ಯೋಳ್ಲಿ. ನಮ್ಮಪ್ಪನಿಗೆ ಒಂದು ಮಗ್ಗ ಓಯ್ತು. ಅವ್ವ ಮಾತ್ರ ನೆಟ್ಟಗೆ ನಡಿಯಂಗಾದ್ಲು" ಅಂದ.

ನೀನು ಸಭೆಗಳಲ್ಲಿ ಓದುವ ಅಂಕಿ ಎಲ್ಲ ದಿಟ. ಆದರೆ ಇಂಥದೇ ಅಂಕಿಯನ್ನ ಹಿಂದೆ ನಮ್ಮ ವಿರುದ್ಧ ಓದಿದ್ದರು, ಅದು ನಿನಗೆ ನೆನಪಿರಬೇಕು. 1954ರಲ್ಲಿ ಮೈಸೂರು ಸರ್ಕಾರ ಎಂ. ಶೇಷಾದ್ರಿಯವರ ಸತ್ಯಶೋಧನಾ ಸಮಿತಿ ಮಾಡಿ, ಸೇರಬೇಕಾದ ಸೀಮೆಗಳ ಸ್ಥಿತಿಯನ್ನ ತೂಗಿಸಿತು. ಇವರು ಬಂದರೆ ನಮ್ಮ ಕಾಲುವೆ, ಕಾರ್ಖಾನೆಯ ದುಡ್ಡೆಲ್ಲ ಇವರಿಗೇ ಹೋಗುತ್ತದೆ ಅಂತ ಹಳೇ ಮೈಸೂರಿನ ಎಷ್ಟೋ ಜನ ಏಕೀಕರಣಕ್ಕೆ ಅಡ್ಡ ನಿಂತರು. ಕೆಂಗಲ್ ಹನುಮಂತಯ್ಯನವರು ತಮ್ಮವರ ಮಾತು ಮೀರಿ ಒಂದಾಗೋಣ ಅಂದರು. ಅದೇ ಏಕೀಕರಣಕ್ಕಾಗಿ 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತಾಗ ಅಪ್ಪ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ನಡೆದು ಅವರನ್ನ ನೋಡಿ ಬಂದದ್ದನ್ನ ನಮಗಿಬ್ಬರಿಗೂ ಎಷ್ಟು ಸಲ ಹೇಳಿಲ್ಲ! ಅಪ್ಪ ಲೆಕ್ಕ ಬರದವನಲ್ಲ. ಇಪ್ಪತ್ತು ವರ್ಷ ಅಂಗಡಿಯ ಖಾತೆ ಕಿರ್ದಿ ಬರೆದವನು.

ಇಂಥ ಅಂಕಿಯನ್ನ ಬೇರೆ ದೇಶದಲ್ಲೂ ಓದಿದ್ದಾರೆ, ನಿನ್ನ ಮಗನನ್ನೇ ಕೇಳು. 2016ರ ಜೂನ್ 23ರಂದು ಬ್ರಿಟನ್ನಿನವರು ಯುರೋಪಿನ ಒಕ್ಕೂಟ ಬಿಡಬೇಕೆಂದು ಮತ ಹಾಕುವ ಮುಂಚೆ, ಬಿಡಬೇಕು ಅನ್ನುವವರು ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ, ಅದನ್ನ ನಮ್ಮ ಆಸ್ಪತ್ರೆಗೆ ಕೊಡೋಣ ಅಂತ ಬಸ್ಸಿನ ಮೇಲೆ ಬರೆಸಿಕೊಂಡು ತಿರುಗಿದ್ದರು. ವಾಪಸು ಬರುತ್ತಿದ್ದ ದುಡ್ಡನ್ನ ಆ ಅಂಕಿಯಲ್ಲಿ ಕಳೆದಿರಲಿಲ್ಲ. ಬಿಟ್ಟು ಬಂದದ್ದು 2020ರ ಜನವರಿ 31ಕ್ಕೆ. ಲಾಭವೋ ನಷ್ಟವೋ ಅನ್ನುವ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.

ನಿನ್ನ ಬೇಡಿಕೆ ಅನ್ಯಾಯದ್ದು ಅಂತ ನಾನು ಯಾವತ್ತೂ ಅನ್ನುವುದಿಲ್ಲ. ಬೇರೆಯಾಗುವುದರಲ್ಲಿ ಒಳ್ಳೆಯದೇ ಇಲ್ಲ ಅಂತಲೂ ಅಲ್ಲ. ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕು ಆಗಿದ್ದು 2018ರಲ್ಲಿ. ಅಜ್ಜನ ಮಗಳಿಗೆ ಅದರ ಬಗ್ಗೆ ಸಂತೋಷವೋ ಸಂತೋಷ, ತಹಶೀಲ್ದಾರರು ಈಗ ನಡೆದು ಹೋಗುವಷ್ಟು ಹತ್ತಿರ. ಹಾಗಾದರೆ ಜನಕ್ಕೆ ಬೇಕಾಗಿದ್ದು ಹತ್ತಿರದ ಕಚೇರಿ, ಹತ್ತಿರದ ಆಸ್ಪತ್ರೆ. ಅದನ್ನ ಹಟ ಹಿಡಿದು ಕೇಳು, ನಾನೂ ನಿನ್ನ ಪಕ್ಕ ಬಂದು ಕೂಡುತ್ತೇನೆ. ಕಾಲುವೆ ಕೇಳು, ನಂಜುಂಡಪ್ಪನವರು ಹೇಳಿದ ದುಡ್ಡಿನ ಪೈಸೆ ಪೈಸೆಗೂ ಲೆಕ್ಕ ಕೇಳು. ಹಿಂದುಳಿಯುವಿಕೆ ತುಂಗಭದ್ರೆಯ ದಡದಲ್ಲಿ ನಿಂತಿಲ್ಲ ಅಣ್ಣ. ಕೊಳ್ಳೇಗಾಲಕ್ಕೆ ಇವತ್ತಿಗೂ ರೈಲಿಲ್ಲ. ಹೊಳೆಯ ಮೇಲೆ ಗೆರೆ ಎಳೆದರೆ ಕಡತ ಕಳಕೊಳ್ಳುವವನು, ಮಗ್ಗ ಮಾರುವವನು ಯಾರು ಅಂತ ಮೊದಲು ಹೇಳು. ಅವನ ಹೆಸರು ನಿನ್ನ ಅಂಕಿಯ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಗೆರೆ ಎಳೆದಾಗ ಯಾರಾದರೂ ಆಚೆ ಉಳಿದೇ ಉಳಿಯುತ್ತಾರೆ. ಕೊಳ್ಳೇಗಾಲ ಈಚೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ರಾಜಕುಮಾರ್ ಹುಟ್ಟಿದ ಗಾಜನೂರು ಇವತ್ತು ತಮಿಳುನಾಡು. ಗರಿಕೆಕಂಡಿ ದಾಟಿದರೆ ಬರಗೂರು, ಅಲ್ಲಿ ದನ ಸಾಕುವ ನಮ್ಮ ಲಿಂಗಾಯತರ ಮನೆಮಾತು ಕನ್ನಡವೇ. ಅಜ್ಜನ ಕೊನೆಯ ತಂಗಿಯನ್ನ ಅಲ್ಲಿಗೇ ಕೊಟ್ಟಿದ್ದಾರಂತೆ, ಅವಳು ಬಂದಾಗಲೆಲ್ಲ...

ಅಜ್ಜ ಕೆಮ್ಮುತ್ತಿದ್ದಾನೆ, ದೀಪ ಆರಿಸಬೇಕು. ಕಲ್ಯಾಣಮಂಟಪದ ಮುಂಗಡ ಕಟ್ಟಿದೆಯೋ ಇಲ್ಲವೋ ತಿಳಿಸು. ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತೇನೆ. ಹೊರಡುವಾಗ ನನಗೂ ಮಡಿಲು ತುಂಬುತ್ತೇನೆ ಅಂದಿದ್ದಾಳೆ ಈ ಮನೆಯಾಕೆ. ಆ ಅಕ್ಕಿಯನ್ನ ಮದುವೆ ಮನೆಗೆ ತರಲೇ ಅಂತ ವೈನಿಗೆ ಕೇಳು, ಯಾಕಂದರೆ ಅಪ್ಪ ಇದ್ದಿದ್ದರೆ