ದಿನಕ್ಕೊಂದು ತತ್ತಿಯ ಲೆಕ್ಕ

ಪುಣೆಯ ನಮ್ಮ ಮನೆಗೆ ಬರುವ ಬಂಧುಗಳು, ಗೆಳೆಯರು ಹಿತ್ತಲಿನ ಕೋಳಿಗಳನ್ನು ಕಂಡೊಡನೆ ಕೇಳುವುದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ತತ್ತಿ? ಐದು ಕೋಳಿ ಎಂದರೆ ಐದು ತತ್ತಿ ಎಂದು ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ಅಂಗಡಿಯಲ್ಲಿ ಟ್ರೇಗಟ್ಟಲೆ ಬಿಳಿಯ ತತ್ತಿಗಳನ್ನು ನಿತ್ಯ ಕಾಣುವವರಿಗೆ ಈ ಗುಣಾಕಾರ ಸಹಜವೇ. ಆದರೆ ನಾವು ಅಣ್ಣತಮ್ಮಂದಿರಿಬ್ಬರು ಮೂರು ವರ್ಷಗಳಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದಿದ್ದೇವೆ. ಐದೂ ಒಂದೇ ದಿನ ತತ್ತಿಯಿಟ್ಟದ್ದು ಈವರೆಗೆ ನಾಲ್ಕೇ ಸಲ.

ತತ್ತಿಯೊಂದು ಸಿದ್ಧವಾಗಲು ಕೋಳಿಯ ಒಡಲಿಗೆ ಸುಮಾರು 25 ಗಂಟೆ ಬೇಕು. ಹಳದಿಯ ಸುತ್ತ ಬಿಳಿಯ ಲೋಳೆ ಕೂಡಲು ಮೂರು ಗಂಟೆ ಸಾಕು. ಸಿಪ್ಪೆ ಕಟ್ಟುವುದಕ್ಕೇ 20 ಗಂಟೆ ಹಿಡಿಯುತ್ತದೆ. ದಿನಕ್ಕಿರುವುದೋ 24 ಗಂಟೆ. ಹೀಗಾಗಿ ಇಂದು ಬೆಳಿಗ್ಗೆ ಏಳಕ್ಕೆ ಇಟ್ಟ ಕೋಳಿ ನಾಳೆ ಎಂಟರ ಮೇಲೆ, ನಾಡಿದ್ದು ಇನ್ನೂ ತಡವಾಗಿ, ಜಾರುತ್ತ ಜಾರುತ್ತ ಮಧ್ಯಾಹ್ನಕ್ಕೆ ಬಂದು ನಿಲ್ಲುತ್ತದೆ. ಹೊತ್ತು ಇಳಿದ ಮೇಲೆ ಹೊಸ ಹಳದಿ ಅಂಡಾಶಯದಿಂದ ಕಳಚುವುದಿಲ್ಲ. ಆದ್ದರಿಂದ ಮರುದಿನ ಬಿಡುವು, ಮತ್ತೆ ಮುಂಜಾನೆಯಿಂದ ಸರದಿ. ಇದನ್ನೆಲ್ಲ ನಾವು ಓದಿ ಅವ್ವನಿಗೆ ವಿವರಿಸಿದಾಗ ಅವಳು ನಕ್ಕಳು. “ಗಡಿಯಾರಕ್ಕ ಕೀಲಿ ಕೊಟ್ಟಂಗ ಅಲ್ರೋ ಅದು, ಜೀವ ಐತಿ.”

ಬೆಳಕಿನ ಪಾಲೂ ಇದೆ. ತತ್ತಿ ಬಿಡದೆ ಬರಬೇಕಾದರೆ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕೆನ್ನುತ್ತಾರೆ. ಡಿಸೆಂಬರಿನಲ್ಲಿ ಪುಣೆಯ ಹಗಲು ಸುಮಾರು 11 ಗಂಟೆಯದು. ಪುಕ್ಕ ಉದುರಿಸಿಕೊಂಡು ಹೊಸದು ತೊಡುವ ವಾರಗಳಲ್ಲಂತೂ ತಿಂದದ್ದೆಲ್ಲ ಗರಿಗೇ ಹೋಗುತ್ತದೆ. ಫಾರಮ್ಮುಗಳಲ್ಲಿ ಬಲ್ಬು ಉರಿಸಿ ಈ ಕೊರತೆ ತುಂಬುತ್ತಾರೆ. ನಮ್ಮ ಹಿತ್ತಲಿಗೂ ಹಾಕಬಹುದಿತ್ತು, ಹಾಕಲಿಲ್ಲ. ನಾಲ್ಕು ತತ್ತಿಯ ಆಸೆಗೆ ಅವುಗಳ ರಾತ್ರಿಯನ್ನು ಕಸಿಯುವುದು ನಮಗೆ ಒಗ್ಗಲಿಲ್ಲ.

ಇನ್ನು ತಳಿಯ ಮಾತು. ನಮ್ಮ ಐದರಲ್ಲಿ ಮೂರು ಗಿರಿರಾಜ, ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಿಗೆಂದೇ ರೂಪಿಸಿದ ತಳಿ. ಉಳಿದೆರಡು, ಕೆಂಪಿ ಮತ್ತು ಬೂದಿ, ಜವಾರಿ. ಇಲ್ಲಿಯ ಮರಾಠಿಗರ ಬಾಯಲ್ಲಿ ಗಾವರಾನ್. ಮೊದಲ ವರ್ಷ ಗಿರಿರಾಜಗಳು ತಲೆಗೆ 130ರಷ್ಟು ಕೊಟ್ಟವು. ಬೂದಿ 61, ಕೆಂಪಿ 54. ಫಾರಮ್ಮಿನ ಬಿಳಿ ಲೆಗ್‌ಹಾರ್ನ್ ವರ್ಷಕ್ಕೆ 300ರ ಸುಮಾರು ಇಡುತ್ತದೆಂಬುದನ್ನು ನೆನೆದರೆ ಕೆಂಪಿ ಸೋಮಾರಿಯಂತೆ ಕಂಡೀತು. ಆದರೆ ಜವಾರಿ ಹೇಂಟೆ ಹತ್ತು ಹದಿನೈದು ತತ್ತಿಯಿಟ್ಟು ನಿಲ್ಲಿಸುವುದು ಕಾವಿಗೆ ಕೂಡಲೆಂದು. 21 ದಿನ ಕಾವು, ಆಮೇಲೆ ಮರಿಗಳ ಬೆನ್ನಿಗೆ ಎರಡು ತಿಂಗಳು. ಲೆಗ್‌ಹಾರ್ನಿನಲ್ಲಿ ಮನುಷ್ಯ ಮೊದಲು ಅಳಿಸಿದ್ದು ಈ ಬಯಕೆಯನ್ನೇ.

ಬೈಲಹೊಂಗಲದ ಕಡೆಯ ನಮ್ಮ ಊರಿನಲ್ಲಿ ಅವ್ವ ಹನ್ನೆರಡು ಕೋಳಿ ಸಾಕಿದ್ದಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಪಾಟಿ, ಪುಸ್ತಕ, ಪರೀಕ್ಷೆಯ ಫೀ ಎಲ್ಲ ಆ ಬುಟ್ಟಿಯಿಂದಲೇ ಬಂದವು. ಕೈ ಎಷ್ಟೇ ಬಿಗಿಯಾಗಿದ್ದರೂ ಕಾವಿಗೆ ಕೂತ ಕೋಳಿಯ ಕೆಳಗಿನ ತತ್ತಿಯನ್ನು ಅವಳು ಸಂತೆಗೆ ಒಯ್ದವಳಲ್ಲ. ಊರಲ್ಲಿ ಕೆಲವರು ಕಾವು ಮುರಿಯಲು ಕೋಳಿಯನ್ನು ನೀರಿನಲ್ಲಿ ಅದ್ದುತ್ತಿದ್ದರು, ಮೂಗಿನ ಹೊಳ್ಳೆಗೆ ಪುಕ್ಕ ಸಿಕ್ಕಿಸುತ್ತಿದ್ದರು. ಅಂಥವರ ಮನೆಯ ಮಜ್ಜಿಗೆಯನ್ನೂ ಅವ್ವ ಕುಡಿಯುತ್ತಿರಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಕೆಂಪಿ ಕಾವಿಗೆ ಕೂತಾಗ ನಮಗೆ ಇಕ್ಕಟ್ಟಾಯಿತು. ಹುಂಜವಿಲ್ಲದೆಯೂ ಕೋಳಿ ತತ್ತಿಯಿಡುತ್ತದೆ, ಆದರೆ ಅದರಿಂದ ಮರಿ ಬರದು. ನಮ್ಮ ಹುಂಜದ ಕೂಗು ಬೆಳಗಿನ ನಿದ್ದೆ ಕೆಡಿಸುತ್ತದೆಂದು ಕಾಲೊನಿಯ ಸಭೆ ತೀರ್ಮಾನಿಸಿದ್ದರಿಂದ ಅದನ್ನು ಪೌಡ ಊರಿನ ರೈತರೊಬ್ಬರಿಗೆ ಎಂದೋ ಕೊಟ್ಟಾಗಿತ್ತು. ಕೆಂಪಿ ಬರಿಯ ತತ್ತಿಗಳ ಮೇಲೆ ಕೂತಿತ್ತು. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ಕುಕ್ಕಿ, ನೀರು ಕುಡಿದು ಮತ್ತೆ ಬುಟ್ಟಿಗೆ. ಎಬ್ಬಿಸಿ ಬೇರೆ ಪಂಜರದಲ್ಲಿಟ್ಟರೆ ಒಂದು ವಾರದೊಳಗೆ ಮರೆಯುತ್ತದೆ ಎಂದು ನಾವು ಹೇಳಿದೆವು. ಅವ್ವ ಅಂದು ರಾತ್ರಿ ಉಣ್ಣಲಿಲ್ಲ.

“ಅದು ಕೂತದ್ದು ಖರೆ ಐತಿ. ತತ್ತಿ ಸುಳ್ಳಾದ್ರ ಅದರ ತಪ್ಪೇನು?”

ಮರುದಿನ ಪೌಡಿಗೆ ಹೋಗಿ ಅದೇ ಹುಂಜ ತಿರುಗಾಡುವ ಅಂಗಳದಿಂದ ಒಂಬತ್ತು ತತ್ತಿ ತಂದೆವು. ಕತ್ತಲಾದ ಮೇಲೆ ಅವ್ವನೇ ಒಂದೊಂದಾಗಿ ಹಳೆಯದನ್ನು ತೆಗೆದು ಹೊಸದನ್ನು ಸರಿಸಿದಳು. ಕೆಂಪಿ ಒಮ್ಮೆ ಕೈ ಕುಕ್ಕಿತು, ಮತ್ತೆ ರೆಕ್ಕೆ ಅಗಲಿಸಿತು. 21ನೆಯ ದಿನ ನಾಲ್ಕು, ಮರುದಿನ ಎರಡು ಮರಿ ಹೊರಬಂದವು. ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಕೆಂಪಿಯ ಸಾಲು ಖಾಲಿ ಉಳಿಯಿತು. ಮೇ ಕೊನೆಯಲ್ಲಿ ಅದು ಮತ್ತೆ ತತ್ತಿಯಿಡತೊಡಗಿದೆ, ದಿನ ಬಿಟ್ಟು ದಿನ.

ಆರು ಮರಿಗಳಲ್ಲಿ ಎರಡರ ಜುಟ್ಟು ಕೆಂಪೇರಿ ದೊಡ್ಡದಾಗುತ್ತಿದೆ. ಇನ್ನೂ ಕೂಗಿಲ್ಲ. ಕಾಲೊನಿಯ ಮುಂದಿನ ಸಭೆಗೆ ತಾನೂ ಬರುವುದಾಗಿ ಅವ್ವ ಹೇಳಿದ್ದಾಳೆ. ಮರಾಠಿಯಲ್ಲಿ ಏನು ಮಾತಾಡಬೇಕೆಂಬುದನ್ನು ಸೊಸೆಯರಿಂದ ಈಗಲೇ ಕಲಿಯುತ್ತಿದ್ದಾಳೆ.